ಬಿಪಿ ಮಾತ್ರೆ: ವೈದ್ಯರ ಚೀಟಿಯಿಂದ ಮನೆಯ ಡಬ್ಬಿಯವರೆಗೆ

ಬಿಪಿಗೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳಿದರೆ ನಮ್ಮಲ್ಲಿ ಹಲವರು ಕೊಡುವ ಉತ್ತರ ‘ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು ಸಣ್ಣ ಬಿಳಿ ಮಾತ್ರೆ’ ಎಂಬುದು. ಖಾಲಿ ಸ್ಟ್ರಿಪ್ಪನ್ನು ಮೆಡಿಕಲ್ ಸ್ಟೋರಿನ ಕೌಂಟರ್ ಮೇಲಿಟ್ಟು ‘ಇದನ್ನೇ ಒಂದು ತಿಂಗಳಿಗೆ ಕೊಡಿ’ ಎಂದರೆ ಕೆಲಸ ನಡೆದುಹೋಗುವುದರಿಂದ ಔಷಧದ ಹೆಸರು ತಿಳಿದುಕೊಳ್ಳುವ ಪ್ರಮೇಯವೇ ಬರುವುದಿಲ್ಲ. ಆದರೆ ವೈದ್ಯರು ಬದಲಾದಾಗ, ಅಂಗಡಿಯವರು ಬೇರೆ ಕಂಪನಿಯದನ್ನು ಕೊಟ್ಟಾಗ, ಮೊಣಕಾಲು ನೋವಿಗೆಂದು ಇನ್ನೊಂದು ಮಾತ್ರೆ ಸೇರಿಕೊಂಡಾಗ ತೊಡಕು ಶುರುವಾಗುವುದು ಇಲ್ಲಿಂದಲೇ. ರಕ್ತದೊತ್ತಡದ ಔಷಧವನ್ನು ಸುರಕ್ಷಿತವಾಗಿ ಬಳಸಲು ಎಲ್ಲಕ್ಕಿಂತ ಮೊದಲು ಬೇಕಾದದ್ದು ಅದರ ಒಳಗಿನ ಔಷಧಾಂಶದ ಹೆಸರು ಮತ್ತು ಅದರ ಮಿಲಿಗ್ರಾಂ ಪ್ರಮಾಣ ಗೊತ್ತಿರುವುದು ಎಂಬುದು ನನ್ನ ಅಭಿಪ್ರಾಯ. ಉಳಿದ ಎಚ್ಚರಿಕೆಗಳೆಲ್ಲ ಇದರ ಮೇಲೆ ನಿಂತಿವೆ.

ಈ ಬರಹ ಈಗಾಗಲೇ ವೈದ್ಯರು ಮಾತ್ರೆ ಬರೆದುಕೊಟ್ಟಿರುವವರಿಗಾಗಿ ಹಾಗೂ ಮನೆಯ ಹಿರಿಯರ ಮಾತ್ರೆಗಳ ಉಸ್ತುವಾರಿ ಹೊತ್ತವರಿಗಾಗಿ. ಯಾವ ಔಷಧ, ಎಷ್ಟು ಪ್ರಮಾಣ ಎಂಬುದು ವೈದ್ಯರ ತೀರ್ಮಾನ. ಆ ತೀರ್ಮಾನ ಮನೆಯಲ್ಲಿ ಹಾದಿ ತಪ್ಪದಂತೆ ನೋಡಿಕೊಳ್ಳುವುದು ನಮ್ಮ ಪಾಲಿನದು.

ವೈದ್ಯರ ಎದುರಿಗೆ

ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ವೈದ್ಯರು ಕೇಳಲು ಮರೆಯಬಹುದಾದ, ನಾವೂ ಹೇಳಲು ಮರೆಯುವ ಕೆಲವು ಸಂಗತಿಗಳಿವೆ. ಮೂತ್ರಪಿಂಡದ ತೊಂದರೆ, ಆಸ್ತಮಾ, ಸಕ್ಕರೆ ಕಾಯಿಲೆ, ಯೂರಿಕ್ ಆಮ್ಲದಿಂದ ಬರುವ ಕೀಲುನೋವು, ಹಿಂದೆ ಯಾವುದಾದರೂ ಮಾತ್ರೆಯಿಂದ ಮುಖ ಅಥವಾ ತುಟಿ ಊದಿಕೊಂಡದ್ದು ಇವುಗಳಲ್ಲಿ ಯಾವುದಿದ್ದರೂ ಕೇಳದಿದ್ದರೂ ಹೇಳಬೇಕು, ಏಕೆಂದರೆ ಔಷಧದ ಆಯ್ಕೆ ಇವನ್ನು ಅವಲಂಬಿಸಿರುತ್ತದೆ. ಉದಾಹರಣೆಗೆ ಅಟೆನೊಲಾಲ್, ಮೆಟೊಪ್ರೊಲಾಲ್ ಮುಂತಾದ ಬೀಟಾ ಬ್ಲಾಕರ್ ಗುಂಪಿನ ಮಾತ್ರೆಗಳು ಆಸ್ತಮಾ ಇರುವವರಿಗೆ ಉಸಿರಾಟದ ತೊಂದರೆ ತರಬಹುದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಶುಗರ್ ಇಳಿದಾಗ ಕಾಣಿಸಿಕೊಳ್ಳುವ ಎದೆಬಡಿತವನ್ನು ಇವು ಮರೆಮಾಚಬಹುದು. ಹೈಡ್ರೋಕ್ಲೋರೋಥಯಜೈಡ್, ಕ್ಲೋರ್‌ಥಾಲಿಡೋನ್‌ನಂಥ ಮೂತ್ರ ಹೆಚ್ಚಿಸುವ ಮಾತ್ರೆಗಳು ಯೂರಿಕ್ ಆಮ್ಲವನ್ನು ಏರಿಸುತ್ತವೆ.

ಗರ್ಭಿಣಿಯರು ಮತ್ತು ಮಗುವಿಗಾಗಿ ಯೋಜಿಸುತ್ತಿರುವವರು ಇನ್ನೊಂದು ವಿಷಯವನ್ನು ಖಚಿತವಾಗಿ ತಿಳಿದಿರಬೇಕು. ಟೆಲ್ಮಿಸಾರ್ಟನ್, ಲೊಸಾರ್ಟನ್, ಓಲ್ಮೆಸಾರ್ಟನ್‌ನಂಥ ಮಾತ್ರೆಗಳೂ ಎನಾಲಪ್ರಿಲ್, ರಾಮಿಪ್ರಿಲ್‌ನಂಥ ಮಾತ್ರೆಗಳೂ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುತ್ತವೆ. ಗರ್ಭಿಣಿಯರಿಗೆ ಬಳಸುವ ಬಿಪಿ ಔಷಧಗಳೇ ಬೇರೆ ಇವೆ. ಆದ್ದರಿಂದ ಮುಟ್ಟು ನಿಂತಿದೆ ಎಂಬ ಅನುಮಾನ ಬಂದ ದಿನವೇ ವೈದ್ಯರಿಗೆ ಫೋನ್ ಮಾಡಬೇಕು, ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬಾರದು.

ಚೀಟಿ ಕೈಗೆ ಬಂದ ಮೇಲೆ ಕುರ್ಚಿಯಿಂದ ಏಳುವ ಮುನ್ನ ಅದನ್ನು ಒಮ್ಮೆ ಓದಬೇಕು. ವೈದ್ಯರು ಔಷಧದ ಮೂಲ ಹೆಸರನ್ನು ಓದಲು ಬರುವಂತೆ, ಸಾಧ್ಯವಾದಷ್ಟು ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲಿಯೇ ನಿಯಮ ಮಾಡಿದೆ. ಬ್ರಾಂಡ್ ಹೆಸರು ಮಾತ್ರ ಇದ್ದರೆ ‘ಡಾಕ್ಟ್ರೇ, ಇದರೊಳಗಿರುವ ಔಷಧದ ಹೆಸರು ಬರೆದುಕೊಡಿ’ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಮುಂದಿನ ರಕ್ತಪರೀಕ್ಷೆ ಯಾವಾಗ ಎಂಬುದನ್ನೂ ಅಲ್ಲಿಯೇ ಕೇಳಿಕೊಳ್ಳಬೇಕು. ಸಾರ್ಟನ್, ಪ್ರಿಲ್ ಎಂದು ಕೊನೆಗೊಳ್ಳುವ ಔಷಧಗಳನ್ನಾಗಲಿ ಮೂತ್ರ ಹೆಚ್ಚಿಸುವ ಮಾತ್ರೆಗಳನ್ನಾಗಲಿ ಹೊಸದಾಗಿ ಆರಂಭಿಸಿದಾಗ ಅಥವಾ ಪ್ರಮಾಣ ಹೆಚ್ಚಿಸಿದಾಗ, ಕೆಲವು ವಾರಗಳೊಳಗೆ ಕ್ರಿಯಾಟಿನಿನ್ (ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ಅಂಶ), ಪೊಟ್ಯಾಸಿಯಂ, ಸೋಡಿಯಂ ನೋಡುವುದು ರೂಢಿ. ಬೆಂಗಳೂರಿನಲ್ಲಿ ಮೂಲೆಗೊಂದು ಲ್ಯಾಬ್ ಇದ್ದರೂ ಈ ಪರೀಕ್ಷೆ ತಪ್ಪಿಹೋಗುವುದು ಹೆಚ್ಚು, ಏಕೆಂದರೆ ಬಿಪಿ ಹತೋಟಿಗೆ ಬಂದಿದೆ ಎಂದ ಮೇಲೆ ರಕ್ತ ಕೊಡುವುದು ದಂಡದ ಖರ್ಚು ಎನಿಸಿಬಿಡುತ್ತದೆ.

ಅಂಗಡಿಯಲ್ಲಿ ಎರಡು ನಿಮಿಷ

ಇಡೀ ವ್ಯವಹಾರದಲ್ಲಿ ಅತಿ ಹೆಚ್ಚು ಗಮನ ಬೇಕಾದ ಜಾಗ ಇದು. ಬಿಪಿ ಮಾತ್ರೆಗಳ ಒಂದೇ ಬ್ರಾಂಡ್ ಹೆಸರಿಗೆ ಬಾಲದಂತೆ ಒಂದೆರಡು ಅಕ್ಷರಗಳು ಅಂಟಿಕೊಂಡಿರುತ್ತವೆ, ಮತ್ತು ಆ ಅಕ್ಷರ ಬದಲಾದರೆ ಔಷಧವೇ ಬದಲಾಗುತ್ತದೆ. ಸಾಮಾನ್ಯವಾಗಿ ‘ಎಎಂ’ ಎಂದಿದ್ದರೆ ಜೊತೆಗೆ ಆಮ್ಲೋಡಿಪಿನ್, ‘ಎಚ್’ ಎಂದಿದ್ದರೆ ಹೈಡ್ರೋಕ್ಲೋರೋಥಯಜೈಡ್, ‘ಸಿಟಿ’ ಎಂದಿದ್ದರೆ ಕ್ಲೋರ್‌ಥಾಲಿಡೋನ್, ‘ಎಎಂಎಚ್’ ಎಂದಿದ್ದರೆ ಮೂರು ಔಷಧ ಒಂದೇ ಮಾತ್ರೆಯಲ್ಲಿ ಇವೆ ಎಂದು ಅರ್ಥ. ಆದರೆ ಎಲ್ಲ ಕಂಪನಿಗಳೂ ಒಂದೇ ಪದ್ಧತಿ ಅನುಸರಿಸುವುದಿಲ್ಲವಾದ್ದರಿಂದ ಬಾಲವನ್ನು ನಂಬಿ ಕೂರದೆ ಸ್ಟ್ರಿಪ್ಪಿನ ಹಿಂಬದಿಯಲ್ಲಿ ಸಣ್ಣಕ್ಷರಗಳಲ್ಲಿ ಅಚ್ಚಾಗಿರುವ ಔಷಧಾಂಶಗಳ ಪಟ್ಟಿಯನ್ನೇ ಓದಬೇಕು. ಕನ್ನಡಕ ಮರೆತು ಬಂದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ಹಿಗ್ಗಿಸಿ ನೋಡಿದರೆ ಆಯಿತು.

ಪ್ರಮಾಣದ ಅಂಕಿಯನ್ನೂ ಹೀಗೆಯೇ ತಾಳೆ ನೋಡಬೇಕು. ಟೆಲ್ಮಿಸಾರ್ಟನ್ 20, 40, 80 ಮಿಲಿಗ್ರಾಂಗಳಲ್ಲಿ ಬರುತ್ತದೆ. ಪೆಟ್ಟಿಗೆಯ ಬಣ್ಣ ಒಂದೇ ಆಗಿರಬಹುದು. ಆಮ್ಲೋಡಿಪಿನ್ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹೆಸರಿನ ಹಿಂದೆ ‘ಎಸ್’ ಇರುವ ಎಸ್-ಆಮ್ಲೋಡಿಪಿನ್ 2.5 ಮಿಲಿಗ್ರಾಂ ಸಾಧಾರಣ ಆಮ್ಲೋಡಿಪಿನ್ 5 ಮಿಲಿಗ್ರಾಂಗೆ ಸಮ. ಇದು ಗೊತ್ತಿಲ್ಲದೆ ‘ನನ್ನದು ಐದು, ಇದು ಎರಡೂವರೆ ಇದೆ’ ಎಂದು ಎರಡು ಮಾತ್ರೆ ನುಂಗಿದರೆ ಪ್ರಮಾಣ ಇಮ್ಮಡಿಯಾಗುತ್ತದೆ. ಮೆಟೊಪ್ರೊಲಾಲ್ ಕೂಡ ಸಕ್ಸಿನೇಟ್, ಟಾರ್ಟ್ರೇಟ್ ಎಂಬ ಎರಡು ರೂಪಗಳಲ್ಲಿದೆ: ಮೊದಲನೆಯದು ದಿನವಿಡೀ ನಿಧಾನವಾಗಿ ಬಿಡುಗಡೆಯಾಗುವಂತೆ ತಯಾರಾಗಿ ದಿನಕ್ಕೊಂದು ಸಾಕಾಗುವಂಥದ್ದು, ಎರಡನೆಯದನ್ನು ಸಾಮಾನ್ಯವಾಗಿ ದಿನಕ್ಕೆ ಎರಡು ಬಾರಿ ಕೊಡುತ್ತಾರೆ. ಒಂದರ ಬದಲಿಗೆ ಇನ್ನೊಂದನ್ನು ಲೆಕ್ಕವಿಲ್ಲದೆ ಹಾಕಿಕೊಳ್ಳುವಂತಿಲ್ಲ.

ಅಂಗಡಿಯವರು ‘ಆ ಕಂಪನಿದು ಇಲ್ಲ ಸಾರ್, ಇದೂ ಅದೇ’ ಎಂದಾಗ ಗಾಬರಿಯೂ ಬೇಡ, ಕಣ್ಣುಮುಚ್ಚಿ ಒಪ್ಪುವುದೂ ಬೇಡ. ಔಷಧಾಂಶ, ಮಿಲಿಗ್ರಾಂ, ನಿಧಾನ ಬಿಡುಗಡೆಯ ರೂಪ ಹೌದೋ ಅಲ್ಲವೋ ಎಂಬುದು, ಈ ಮೂರೂ ಒಂದೇ ಆಗಿದ್ದರೆ ಬ್ರಾಂಡ್ ಬದಲಾದರೂ ತೆಗೆದುಕೊಳ್ಳಬಹುದು. ಜನೌಷಧಿ ಕೇಂದ್ರಗಳಲ್ಲಿ ಇವೇ ಔಷಧಗಳು ಮೂಲ ಹೆಸರಿನಲ್ಲಿಯೇ ಬಹಳ ಕಡಿಮೆ ಬೆಲೆಗೆ ಸಿಗುತ್ತವೆ. ನಗರದಲ್ಲಿ ಸರ್ಕಾರ ನಡೆಸುವ ‘ನಮ್ಮ ಕ್ಲಿನಿಕ್’‌ಗಳಲ್ಲಿ ಬಿಪಿ ಪರೀಕ್ಷೆಯೂ ಸಾಮಾನ್ಯ ಬಿಪಿ ಮಾತ್ರೆಗಳೂ ಉಚಿತ. ಹಣದ ಕಾರಣಕ್ಕೆ ದಿನ ಬಿಟ್ಟು ದಿನ ಮಾತ್ರೆ ನುಂಗುವವರು ಇಲ್ಲಿಗೆ ಹೋಗಿ ದಿನವೂ ನುಂಗುವುದು ಎಷ್ಟೋ ಮೇಲು. ಬದಲಾಯಿಸಿದ ಮೇಲೆ ಮುಖ್ಯವಾಗಿ ಮಾಡಬೇಕಾದ ಕೆಲಸ, ಹಳೆಯ ಬ್ರಾಂಡಿನ ಉಳಿದ ಸ್ಟ್ರಿಪ್ಪನ್ನು ಬೇರೆ ಎತ್ತಿಡುವುದು. ಹೆಸರು ಬೇರೆ ಇದೆಯೆಂದು ಎರಡನ್ನೂ ಪ್ರತಿದಿನ ನುಂಗುವ ಅಪಾಯ ಹಿರಿಯರಿರುವ ಮನೆಗಳಲ್ಲಿ ನಿಜವಾಗಿಯೂ ಇದೆ. ಹೃದಯದ ವೈದ್ಯರು ಒಂದು ಬ್ರಾಂಡು, ಬಡಾವಣೆಯ ಫ್ಯಾಮಿಲಿ ಡಾಕ್ಟರು ಇನ್ನೊಂದು ಬ್ರಾಂಡು ಬರೆದು, ಎರಡರಲ್ಲೂ ಟೆಲ್ಮಿಸಾರ್ಟನ್ನೇ ಇದ್ದರೆ ಆಗುವುದೂ ಇದೇ. ಒಬ್ಬರು ಸಾರ್ಟನ್ ಗುಂಪಿನದನ್ನೂ ಮತ್ತೊಬ್ಬರು ಪ್ರಿಲ್ ಗುಂಪಿನದನ್ನೂ ಬರೆದಿದ್ದರೆ ಆ ಎರಡನ್ನು ಒಟ್ಟಿಗೆ ತೆಗೆದುಕೊಳ್ಳುವುದು ಮೂತ್ರಪಿಂಡಕ್ಕೆ ಒಳ್ಳೆಯದಲ್ಲ. ಹಾಗಾಗಿದ್ದರೆ ಒಬ್ಬ ವೈದ್ಯರ ಮುಂದೆ ಎಲ್ಲ ಚೀಟಿಗಳನ್ನೂ ಹರಡಬೇಕು.

ಯಾವ ಹೊತ್ತಿಗೆ

ಬಿಪಿ ಮಾತ್ರೆಯನ್ನು ರಾತ್ರಿಯೇ ತೆಗೆದುಕೊಂಡರೆ ಹೃದಯಕ್ಕೆ ಹೆಚ್ಚು ರಕ್ಷಣೆ ಎಂಬ ಮಾತು ಕೆಲವು ವರ್ಷಗಳ ಹಿಂದೆ ಬಹಳ ಹರಡಿತ್ತು. ಬ್ರಿಟನ್ನಿನಲ್ಲಿ 21,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ‘ಟೈಮ್’ ಎಂಬ ಅಧ್ಯಯನದಲ್ಲಿ ಬೆಳಿಗ್ಗೆ ತೆಗೆದುಕೊಂಡವರಿಗೂ ಸಂಜೆ ತೆಗೆದುಕೊಂಡವರಿಗೂ ಹೃದಯಾಘಾತ, ಪಾರ್ಶ್ವವಾಯು, ಸಾವಿನ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ವೈದ್ಯರು ಬೇರೆ ಕಾರಣಕ್ಕೆ ಸಮಯ ಗೊತ್ತುಮಾಡಿಲ್ಲದಿದ್ದರೆ, ನಮಗೆ ಮರೆಯದ ಹೊತ್ತು ಯಾವುದೋ ಅದೇ ಸರಿಯಾದ ಹೊತ್ತು. ಬೆಳಗಿನ ಕಾಫಿ, ಹಲ್ಲುಜ್ಜುವುದು, ದೇವರಿಗೆ ದೀಪ ಹಚ್ಚುವುದು, ಹೀಗೆ ದಿನವೂ ತಪ್ಪದೆ ನಡೆಯುವ ಯಾವುದಾದರೂ ಕೆಲಸಕ್ಕೆ ಮಾತ್ರೆಯನ್ನು ಜೋಡಿಸಿಕೊಂಡರೆ ಅಲಾರಂಗಿಂತ ಹೆಚ್ಚು ಕಾಲ ಬಾಳುತ್ತದೆ.

ಮೂತ್ರ ಹೆಚ್ಚಿಸುವ ಮಾತ್ರೆಯ ವಿಷಯ ಮಾತ್ರ ಸ್ವಲ್ಪ ಬೇರೆ. ರಾತ್ರಿ ಪದೇಪದೇ ಏಳುವುದನ್ನು ತಪ್ಪಿಸಲೆಂದು ಇದನ್ನು ಸಾಮಾನ್ಯವಾಗಿ ಬೆಳಿಗ್ಗೆಗೆ ಬರೆಯುತ್ತಾರೆ. ಆದರೆ ಬನಶಂಕರಿಯಿಂದ ವೈಟ್‌ಫೀಲ್ಡಿಗೆ ಹೋಗುವವರಿಗೆ ಬೆಳಗಿನ ಮಾತ್ರೆಯೆಂದರೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬಸ್ಸು ನಿಂತಿರುವಾಗ ಮೂತ್ರದ ಅವಸರ. ಮಹಿಳೆಯರಿಗಂತೂ ದಾರಿಯಲ್ಲಿ ಶೌಚಾಲಯ ಸಿಗುವ ಭರವಸೆಯೇ ಇರುವುದಿಲ್ಲ. ಹೀಗಾಗಿ ಕೆಲವರು ರಜೆಯ ದಿನ ಮಾತ್ರ ಆ ಮಾತ್ರೆ ತೆಗೆದುಕೊಳ್ಳುತ್ತಾರೆ, ಇನ್ನು ಕೆಲವರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಎರಡೂ ಕೂಡದು. ಪ್ರಯಾಣದ ಸಮಯವನ್ನು ವೈದ್ಯರಿಗೆ ವಿವರಿಸಿದರೆ ಮಾತ್ರೆಯನ್ನು ಕಚೇರಿ ತಲುಪಿದ ಮೇಲೆ ಅಥವಾ ಮಧ್ಯಾಹ್ನದ ಹೊತ್ತಿಗೆ ಬದಲಿಸಬಹುದೇ, ಬೇರೆ ಗುಂಪಿನ ಔಷಧ ಸಾಕೇ ಎಂದು ಅವರು ನೋಡುತ್ತಾರೆ.

ಒಂದು ಹೊತ್ತಿನ ಮಾತ್ರೆ ಮರೆತರೆ ಅದೇ ದಿನ ನೆನಪಾದಾಗ ತೆಗೆದುಕೊಳ್ಳಬಹುದು. ಮುಂದಿನ ಮಾತ್ರೆಯ ಹೊತ್ತು ಹತ್ತಿರವಾಗಿದ್ದರೆ ಮರೆತದ್ದನ್ನು ಬಿಟ್ಟುಬಿಡಬೇಕು. ಸೇರಿಸಿ ಎರಡು ನುಂಗಬಾರದು. ಆಮ್ಲೋಡಿಪಿನ್ ದೇಹದಲ್ಲಿ ಬಹಳ ಹೊತ್ತು ಉಳಿಯುವ ಔಷಧ, ಅದರ ಅರ್ಧದಷ್ಟು ಹೊರಹೋಗಲು 30ರಿಂದ 50 ಗಂಟೆ ಬೇಕು. ಒಂದು ದಿನ ತಪ್ಪಿತೆಂದು ಕಂಗಾಲಾಗುವ ಅಗತ್ಯವಿಲ್ಲ. ಇದೇ ಕಾರಣಕ್ಕೆ ಇಂದು ಶುರುಮಾಡಿದ ಮಾತ್ರೆಯ ಪೂರ್ಣ ಫಲವನ್ನು ನಾಳೆಯೇ ನಿರೀಕ್ಷಿಸಬಾರದು, ಅದಕ್ಕೆ ಒಂದೆರಡು ವಾರ ಅಥವಾ ಇನ್ನೂ ಹೆಚ್ಚು ಹಿಡಿಯಬಹುದು.

ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸಗಳ ದಿನವೂ ಮಾತ್ರೆ ಬಿಡುವ ಪ್ರಶ್ನೆಯಿಲ್ಲ. ದಿನಕ್ಕೊಂದೇ ಇರುವವರಿಗೆ ಹೊತ್ತು ಸರಿಹೊಂದಿಸಿಕೊಳ್ಳುವುದು ಸುಲಭ. ನೀರನ್ನೂ ಬಿಡುವ ಉಪವಾಸ ಮಾಡುವವರು ಮೂತ್ರ ಹೆಚ್ಚಿಸುವ ಮಾತ್ರೆಯಲ್ಲಿದ್ದರೆ, ಅದರಲ್ಲೂ ಏಪ್ರಿಲ್ ಬಿಸಿಲಿನಲ್ಲಿ, ಮೊದಲೇ ವೈದ್ಯರನ್ನು ಕೇಳಿಕೊಳ್ಳಬೇಕು.

ಮನೆಯಲ್ಲಿ ಇಡುವ ರೀತಿ

ಟೆಲ್ಮಿಸಾರ್ಟನ್ ಗಾಳಿಯಲ್ಲಿರುವ ತೇವವನ್ನು ಬೇಗ ಹೀರಿಕೊಳ್ಳುತ್ತದೆ. ಭಾನುವಾರ ಕೂತು ವಾರದ ಏಳು ಮಾತ್ರೆಗಳನ್ನೂ ಸ್ಟ್ರಿಪ್ಪಿನಿಂದ ಒತ್ತಿ ತೆಗೆದು ಪ್ಲಾಸ್ಟಿಕ್ ಡಬ್ಬಿಯ ಖಾನೆಗಳಿಗೆ ತುಂಬಿಡುವುದು ಒಳ್ಳೆಯ ಅಭ್ಯಾಸದಂತೆ ಕಂಡರೂ ಈ ಮಾತ್ರೆಗೆ ಒಗ್ಗುವುದಿಲ್ಲ. ಬೆಂಗಳೂರಿನ ಮಳೆಗಾಲದ ತಂಡಿಯಲ್ಲಿ ಮಾತ್ರೆ ಮೆತ್ತಗಾಗಿ ಉದುರತೊಡಗುತ್ತದೆ. ಇದಕ್ಕೆ ಸುಲಭ ಉಪಾಯ, ಮಾತ್ರೆಯನ್ನು ಹೊರತೆಗೆಯದೆ ಸ್ಟ್ರಿಪ್ಪನ್ನೇ ಕತ್ತರಿಯಿಂದ ಬಿಡಿಬಿಡಿಯಾಗಿ ಕತ್ತರಿಸಿ, ಪ್ರತಿ ಖಾನೆಗೆ ಹೊದಿಕೆಯ ಸಮೇತ ಒಂದೊಂದು ಹಾಕುವುದು. ಕತ್ತರಿಸುವಾಗ ಹೆಸರು ಮತ್ತು ಎಕ್ಸ್‌ಪೈರಿ ತಾರೀಖು ಇರುವ ತುದಿಯನ್ನು ಕೊನೆಗೆ ಉಳಿಸಿಕೊಳ್ಳಬೇಕು. ಬಿಡಿ ಮಾತ್ರೆಯ ಹೊದಿಕೆಯ ಅಂಚು ಹರಿತವಾಗಿರುತ್ತದೆ, ಕಣ್ಣು ಮಂಜಾದ ಹಿರಿಯರು ಹೊದಿಕೆಯ ಸಮೇತ ನುಂಗಿ ಗಂಟಲು ಗಾಯ ಮಾಡಿಕೊಳ್ಳುವ ಅಪಾಯವಿರುವುದರಿಂದ ಅಂಥವರಿಗೆ ಆಯಾ ದಿನದ ಮಾತ್ರೆಯನ್ನು ಮನೆಯವರೇ ತೆಗೆದು ಕೊಡುವುದು ಲೇಸು.

ಗಂಡ ಹೆಂಡತಿ ಇಬ್ಬರಿಗೂ ಬಿಪಿ ಇರುವ ಮನೆಯಲ್ಲಿ ಇಬ್ಬರ ಡಬ್ಬಿಗಳೂ ಬೇರೆ ಬಣ್ಣದವಾಗಿರಲಿ, ಬೇರೆ ಜಾಗದಲ್ಲಿರಲಿ. ‘ನನ್ನದು ಮುಗಿದಿದೆ, ನಿಮ್ಮದರಲ್ಲಿ ಒಂದು ಕೊಡಿ’ ಎಂಬುದು ಕಾಫಿಪುಡಿಗೆ ಸರಿ, ಬಿಪಿ ಮಾತ್ರೆಗೆ ಸಲ್ಲದು. ಒಲೆಯ ಪಕ್ಕದ ಕಪಾಟು, ಬಚ್ಚಲುಮನೆ, ಬಿಸಿಲಿಗೆ ನಿಂತ ಕಾರು ಇವು ಮಾತ್ರೆ ಇಡುವ ಜಾಗಗಳಲ್ಲ. ಊರಿಗೆ ಹೊರಟಾಗ ಮೆಜೆಸ್ಟಿಕ್‌ನಲ್ಲಿ ಬಸ್ಸಿನ ಡಿಕ್ಕಿಗೆ ಹಾಕುವ ಬ್ಯಾಗಿನಲ್ಲಿ ಇಡದೆ ಕೈಚೀಲದಲ್ಲಿ, ಉಳಿಯುವ ದಿನಗಳಿಗಿಂತ ನಾಲ್ಕು ದಿನ ಹೆಚ್ಚಿಗೆ ಬರುವಷ್ಟು, ಚೀಟಿಯ ಸಮೇತ ಇಟ್ಟುಕೊಳ್ಳಬೇಕು.

ಹೆಸರಿನೊಂದಿಗೆ ‘ಎಕ್ಸ್‌ಎಲ್’, ‘ಇಆರ್’, ‘ಎಸ್‌ಆರ್’, ‘ರಿಟಾರ್ಡ್’ ಎಂದು ಇದ್ದರೆ ಅದು ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ. ನುಂಗಲು ಕಷ್ಟವೆಂದು ಅದನ್ನು ಕುಟ್ಟಿ ಪುಡಿ ಮಾಡಿದರೆ ಇಡೀ ದಿನದ ಔಷಧ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ. ಅರ್ಧ ಮಾಡಬಹುದೇ ಎಂಬುದನ್ನು ಔಷಧ ವಿತರಕರಿಂದ ಖಚಿತಪಡಿಸಿಕೊಂಡೇ ಮುರಿಯಬೇಕು.

ಜೊತೆಗೆ ಸೇರಬಾರದವು

ಮೊದಲ ಸ್ಥಾನ ನೋವಿನ ಮಾತ್ರೆಗೆ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥವು ಬಿಪಿಯನ್ನು ಏರಿಸುತ್ತವೆ, ಬಿಪಿ ಮಾತ್ರೆಯ ಶಕ್ತಿಯನ್ನು ಕುಗ್ಗಿಸುತ್ತವೆ. ಸಾರ್ಟನ್ ಅಥವಾ ಪ್ರಿಲ್ ಗುಂಪಿನ ಔಷಧ, ಮೂತ್ರ ಹೆಚ್ಚಿಸುವ ಮಾತ್ರೆ, ಅದರ ಮೇಲೆ ನೋವಿನ ಮಾತ್ರೆ, ಈ ಮೂರೂ ಕೂಡಿದರೆ ಮೂತ್ರಪಿಂಡಗಳು ಹಠಾತ್ತಾಗಿ ಸೋಲಬಹುದು, ವಯಸ್ಸಾದವರಲ್ಲಿ ಇದು ಇನ್ನೂ ಸುಲಭ. ಮಂಡಿನೋವಿಗೆ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಇವುಗಳಿಗಿಂತ ಸುರಕ್ಷಿತ, ಆದರೆ ನೀರಿಗೆ ಹಾಕಿದರೆ ನೊರೆಯೇಳುವ ಬಗೆಯದರಲ್ಲಿ ಸೋಡಿಯಂ ಹೆಚ್ಚಿರುತ್ತದೆ. ಹೊಟ್ಟೆಯುಬ್ಬರಕ್ಕೆ ಕುಡಿಯುವ ನೊರೆಪುಡಿಗಳ ಕಥೆಯೂ ಇದೇ. ನೆಗಡಿ, ಮೂಗು ಕಟ್ಟುವಿಕೆಗೆ ಅಂಗಡಿಯಲ್ಲಿ ಕೇಳಿ ಪಡೆಯುವ ಮಾತ್ರೆಗಳಲ್ಲಿ ಫಿನೈಲೆಫ್ರಿನ್ ಅಥವಾ ಸ್ಯೂಡೋಎಫೆಡ್ರಿನ್ ಇದ್ದರೆ ಅವು ರಕ್ತನಾಳಗಳನ್ನು ಬಿಗಿಗೊಳಿಸುತ್ತವೆ. ‘ನನಗೆ ಬಿಪಿ ಇದೆ’ ಎಂಬ ಒಂದು ಮಾತನ್ನು ಕೌಂಟರಿನಲ್ಲಿ ಪ್ರತಿ ಬಾರಿಯೂ ಹೇಳಬೇಕು.

‘ಹೃದಯಕ್ಕೆ ಒಳ್ಳೆಯದು’ ಎಂದು ಮಾರುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಸೋಡಿಯಂ ಬದಲಿಗೆ ಪೊಟ್ಯಾಸಿಯಂ ಸೇರಿಸಿರುತ್ತಾರೆ. ಸಾರ್ಟನ್, ಪ್ರಿಲ್ ಗುಂಪಿನ ಔಷಧಗಳೂ ಸ್ಪೈರೊನೊಲ್ಯಾಕ್ಟೋನ್ ಕೂಡ ದೇಹದಲ್ಲಿ ಪೊಟ್ಯಾಸಿಯಂ ಉಳಿಸುತ್ತವೆ. ಮೂತ್ರಪಿಂಡ ದುರ್ಬಲವಾಗಿರುವವರಲ್ಲಿ ಈ ಎರಡೂ ಸೇರಿ ಪೊಟ್ಯಾಸಿಯಂ ಹೆಚ್ಚಾದರೆ ಹೃದಯದ ಬಡಿತವೇ ಏರುಪೇರಾಗುತ್ತದೆ. ಆರೋಗ್ಯವಂತ ಮೂತ್ರಪಿಂಡ ಇರುವವರಿಗೆ ಎಂದಾದರೊಂದು ಎಳನೀರಿನಿಂದ ತೊಂದರೆಯಿಲ್ಲ. ಕ್ರಿಯಾಟಿನಿನ್ ಏರಿದೆ ಎಂದು ವೈದ್ಯರು ಹೇಳಿದ್ದರೆ ಎಳನೀರಿನ ಗಾಡಿಯ ಮುಂದೆ ನಿಲ್ಲುವ ಮೊದಲು ಅವರನ್ನು ಕೇಳಬೇಕು.

ಗಿಡಮೂಲಿಕೆಯೆಂದರೆ ನಿರಪಾಯ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಕೆಮ್ಮಿಗೆ ಜಗಿಯುವ ಜ್ಯೇಷ್ಠಮಧುವನ್ನು ಹೆಚ್ಚು ದಿನ ಬಳಸಿದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಸರ್ಪಗಂಧದ ವಿಷಯ ತದ್ವಿರುದ್ಧ: ಅದು ಬಿಪಿಯನ್ನು ನಿಜವಾಗಿಯೂ ಇಳಿಸುತ್ತದೆ. ಮುಂಬೈಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಅದರ ಬಗ್ಗೆ ಬರೆದ ಮೇಲೆ ಜಗತ್ತು ಅದರತ್ತ ತಿರುಗಿತು, 1952ರಲ್ಲಿ ಅದರಿಂದ ರೆಸರ್ಪಿನ್ ಎಂಬ ಔಷಧಾಂಶವನ್ನು ಬೇರ್ಪಡಿಸಲಾಯಿತು. ಇಷ್ಟು ಶಕ್ತಿಯಿರುವ ಬೇರನ್ನು ಆಸ್ಪತ್ರೆಯ ಮಾತ್ರೆಯ ಜೊತೆ ಯಾರಿಗೂ ಹೇಳದೆ ಸೇರಿಸಿಕೊಂಡರೆ ಒತ್ತಡ ವಿಪರೀತ ಇಳಿಯಬಹುದು, ಮನಸ್ಸು ಕುಗ್ಗುವ ಖಿನ್ನತೆಯೂ ಬರಬಹುದು. ಆಯುರ್ವೇದ ಚಿಕಿತ್ಸೆ ಪಡೆಯುವವರು ಎರಡೂ ಕಡೆಯ ವೈದ್ಯರಿಗೆ ಎರಡೂ ಪಟ್ಟಿ ತೋರಿಸಲಿ.

ಗ್ರೇಪ್‌ಫ್ರೂಟ್ ಹಣ್ಣು ನಿಫೆಡಿಪಿನ್, ಫೆಲೊಡಿಪಿನ್‌ನಂಥ ಮಾತ್ರೆಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತದೆ. ಅದರ ಹತ್ತಿರದ ಸಂಬಂಧಿಯಾದ ಚಕ್ಕೋತದಲ್ಲಿಯೂ ಅಂಥ ರಾಸಾಯನಿಕಗಳಿವೆಯಾದ್ದರಿಂದ ದೇವನಹಳ್ಳಿ ಚಕ್ಕೋತದ ಪ್ರಿಯರು ಈ ಮಾತ್ರೆಗಳಲ್ಲಿದ್ದರೆ ವೈದ್ಯರಿಗೆ ತಿಳಿಸಿಡುವುದು ಒಳ್ಳೆಯದು. ಮದ್ಯ ಬಿಪಿಯನ್ನು ಏರಿಸುತ್ತದೆ, ಕುಡಿದ ಹೊತ್ತಿಗೆ ಮಾತ್ರೆಯೊಂದಿಗೆ ಸೇರಿ ತಲೆಸುತ್ತನ್ನೂ ತರುತ್ತದೆ.

ಮೈ ಹೇಳುವುದನ್ನು ಕೇಳುವುದು

ಆಮ್ಲೋಡಿಪಿನ್‌ನಿಂದ ಕೆಲವರಿಗೆ ಸಂಜೆಯ ಹೊತ್ತಿಗೆ ಪಾದ ಊದುತ್ತದೆ, ಚಪ್ಪಲಿಯ ಪಟ್ಟಿಯ ಗುರುತು ಚರ್ಮದಲ್ಲಿ ಉಳಿಯುತ್ತದೆ. ಇದು ನೀರು ತುಂಬಿದ್ದೆಂದು ಭಾವಿಸಿ ಇನ್ನೊಂದು ಕಡೆ ತೋರಿಸಿ ಮೂತ್ರ ಹೆಚ್ಚಿಸುವ ಮಾತ್ರೆ ಬರೆಸಿಕೊಂಡು, ಅದರಿಂದ ಸೋಡಿಯಂ ಇಳಿದು ಸುಸ್ತಾಗಿ, ಸುಸ್ತಿಗೆ ಟಾನಿಕ್ ಕುಡಿಯುವವರಿದ್ದಾರೆ. ಮೊದಲ ಮಾತ್ರೆಯ ಹೆಸರು ಗೊತ್ತಿದ್ದು ಅದನ್ನು ಬರೆದ ವೈದ್ಯರ ಹತ್ತಿರವೇ ಹೋಗಿದ್ದರೆ ಅವರು ಪ್ರಮಾಣ ಇಳಿಸಿಯೋ ಗುಂಪು ಬದಲಿಸಿಯೋ ಮುಗಿಸುತ್ತಿದ್ದರು. ವಸಡು ಊದಿ ಹಲ್ಲಿನ ಮೇಲೆ ಬೆಳೆಯುವುದೂ ಇದೇ ಔಷಧದಿಂದ ಆಗಬಹುದು. ದಂತವೈದ್ಯರಿಗೆ ಮಾತ್ರೆಯ ಪಟ್ಟಿ ತೋರಿಸಬೇಕೆಂಬುದು ಇದಕ್ಕೇ.

ಎನಾಲಪ್ರಿಲ್, ರಾಮಿಪ್ರಿಲ್ ತೆಗೆದುಕೊಳ್ಳುವವರಲ್ಲಿ ಕೆಲವರಿಗೆ ಒಣಕೆಮ್ಮು ಹಿಡಿಯುತ್ತದೆ. ಬೆಂಗಳೂರಿನಲ್ಲಿ ಇದನ್ನು ಧೂಳಿನ ಅಲರ್ಜಿ ಎಂದುಕೊಂಡು ತಿಂಗಳುಗಟ್ಟಲೆ ಸಿರಪ್ ಕುಡಿಯುವುದು ಬಹಳ ಸುಲಭ. ಮಾತ್ರೆ ಆರಂಭಿಸಿದ ಮೇಲೆ ಕೆಮ್ಮು ಶುರುವಾಯಿತೇ ಎಂದು ತಾರೀಖು ನೋಡಬೇಕು. ತುಟಿ, ನಾಲಿಗೆ, ಮುಖ ಊದಿಕೊಂಡರೆ ಮಾತ್ರ ಮಾತ್ರೆಯನ್ನು ಅಲ್ಲಿಗೇ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಧಾವಿಸಬೇಕು.

ಎದ್ದು ನಿಂತಾಗ ತಲೆಸುತ್ತು ಬಂದರೆ ಹಾಸಿಗೆಯ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತು, ಕಾಲಾಡಿಸಿ, ಆಮೇಲೆ ಏಳುವುದು ರೂಢಿಯಾಗಲಿ. ರಾತ್ರಿ ಶೌಚಕ್ಕೆ ಏಳುವ ಹಿರಿಯರಿಗೆ ಇದು ಸೊಂಟದ ಮೂಳೆ ಉಳಿಸುವ ಎಚ್ಚರಿಕೆ. ಬೀಟಾ ಬ್ಲಾಕರ್‌ನಲ್ಲಿರುವವರು ನಾಡಿ ನಿಮಿಷಕ್ಕೆ 50ಕ್ಕಿಂತ ಇಳಿದು ಸುಸ್ತು, ತಲೆಸುತ್ತು ಇದ್ದರೆ ವೈದ್ಯರಿಗೆ ತಿಳಿಸಬೇಕು. ಲೈಂಗಿಕ ತೊಂದರೆಯಾಯಿತೆಂದು ಮಾತ್ರೆಯನ್ನು ಗುಟ್ಟಾಗಿ ನಿಲ್ಲಿಸುವ ಗಂಡಸರು ಕಡಿಮೆಯಿಲ್ಲ. ಬಾಯಿಬಿಟ್ಟು ಹೇಳಿದರೆ ಬದಲಿ ಔಷಧಗಳಿವೆ.

ನಿಲ್ಲಿಸುವ ವಿಷಯ ಬಂದದ್ದರಿಂದ ಇದನ್ನು ಬಿಡಿಸಿ ಹೇಳಬೇಕು. ‘ಒಮ್ಮೆ ಶುರುಮಾಡಿದರೆ ಅಭ್ಯಾಸವಾಗಿಬಿಡುತ್ತದೆ’ ಎಂದು ನೆಂಟರು ಹೇಳುವುದುಂಟು. ಬಿಪಿ ಮಾತ್ರೆ ಚಟ ಹತ್ತಿಸುವುದಿಲ್ಲ. ಬಿಟ್ಟರೆ ಒತ್ತಡ ಮತ್ತೆ ಏರುವುದು ಕಾಯಿಲೆ ಒಳಗೇ ಇರುವುದರಿಂದ. ತೂಕ ಇಳಿಸಿ, ಉಪ್ಪು ತಗ್ಗಿಸಿ, ನಡಿಗೆ ಹಿಡಿದವರಿಗೆ ವೈದ್ಯರೇ ಕ್ರಮೇಣ ಪ್ರಮಾಣ ಇಳಿಸುವುದಿದೆ. ಆದರೆ ಮೆಟೊಪ್ರೊಲಾಲ್, ಅಟೆನೊಲಾಲ್ ಮಾತ್ರೆಗಳನ್ನು ಒಮ್ಮೆಲೇ ಬಿಟ್ಟರೆ ಎದೆನೋವು, ಹೃದಯಾಘಾತದವರೆಗೂ ಹೋಗಬಹುದು; ಕ್ಲೊನಿಡಿನ್ ಬಿಟ್ಟರೆ ಒಂದೆರಡು ದಿನದೊಳಗೇ ಒತ್ತಡ ಮೊದಲಿಗಿಂತ ಮೇಲಕ್ಕೆ ಚಿಮ್ಮಬಹುದು. ತಿಂಗಳ ಕೊನೆಗೆ ಮಾತ್ರೆ ಮುಗಿದು ಅಂಗಡಿಗೆ ಹೋಗಲಾಗದೆ ತಪ್ಪುವುದೂ ನಿಲ್ಲಿಸಿದಂತೆಯೇ, ಆದ್ದರಿಂದ ಒಂದು ವಾರದ್ದು ಉಳಿದಿರುವಾಗಲೇ ತರಬೇಕು.

ವಾಂತಿ ಭೇದಿ ಹಿಡಿದು ನೀರೂ ನಿಲ್ಲದಂತಾದ ದಿನ ಮಾತ್ರ ಬೇರೆ ಲೆಕ್ಕ. ಆಗ ಸಾರ್ಟನ್, ಪ್ರಿಲ್ ಮತ್ತು ಮೂತ್ರ ಹೆಚ್ಚಿಸುವ ಮಾತ್ರೆಗಳನ್ನು ಒಂದೆರಡು ದಿನ ತಡೆಹಿಡಿಯಲು ವೈದ್ಯರು ಹೇಳಬಹುದು, ಫೋನ್ ಮಾಡಿ ಕೇಳಬೇಕು. ಶಸ್ತ್ರಚಿಕಿತ್ಸೆ ಇದ್ದರೆ ಅರಿವಳಿಕೆ ತಜ್ಞರಿಗೆ ಪ್ರತಿ ಮಾತ್ರೆಯ ಹೆಸರನ್ನೂ ಕೊಡಬೇಕು.

ಅಳೆಯುವುದು

‘ಬಿಪಿ ಏರಿದರೆ ನನಗೆ ಗೊತ್ತಾಗುತ್ತದೆ, ತಲೆ ಹಿಡಿದುಕೊಳ್ಳುತ್ತದೆ’ ಎಂಬ ಮಾತನ್ನು ನಂಬಿ ಮಾತ್ರೆ ಹೆಚ್ಚು ಕಡಿಮೆ ಮಾಡಬಾರದು. ಏರಿದ ಒತ್ತಡ ಬಹಳಷ್ಟು ಬಾರಿ ಏನೂ ಸೂಚನೆ ಕೊಡುವುದಿಲ್ಲ. ಮನೆಯಲ್ಲಿ ಮಣಿಕಟ್ಟಿನ ಯಂತ್ರಕ್ಕಿಂತ ತೋಳಿಗೆ ಕಟ್ಟುವ ಯಂತ್ರ ವಿಶ್ವಾಸಾರ್ಹ, ಪಟ್ಟಿ ತೋಳಿನ ಸುತ್ತಳತೆಗೆ ಹೊಂದುವಂತಿರಬೇಕು. ಕಾಫಿ, ಬೀಡಿ ಸಿಗರೇಟು, ವಾಕಿಂಗ್ ಮುಗಿದು ಅರ್ಧ ಗಂಟೆಯಾಗಿರಬೇಕು, ಮೂತ್ರಕ್ಕೆ ಹೋಗಿಬಂದಿರಬೇಕು. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಪಾದ ನೆಲಕ್ಕೆ ಊರಿ, ಕಾಲು ಮೇಲೆ ಕಾಲು ಹಾಕದೆ, ಐದು ನಿಮಿಷ ಮಾತಿಲ್ಲದೆ ಕೂತು, ತೋಳನ್ನು ಹೃದಯದ ಮಟ್ಟಕ್ಕೆ ಮೇಜಿನ ಮೇಲಿರಿಸಿ, ಬರಿಯ ತೋಳಿಗೆ ಪಟ್ಟಿ ಕಟ್ಟಬೇಕು. ಒಂದು ನಿಮಿಷ ಬಿಟ್ಟು ಎರಡನೆಯ ಸಲ ಅಳೆದು ಎರಡನ್ನೂ ಬರೆದಿಡಬೇಕು. ವೈದ್ಯರ ಭೇಟಿಗೆ ಮುಂಚಿನ ಒಂದು ವಾರ, ಬೆಳಿಗ್ಗೆ ಮಾತ್ರೆಗೆ ಮೊದಲು ಮತ್ತು ಸಂಜೆ ಹೀಗೆ ಅಳೆದ ಪಟ್ಟಿ, ಆಸ್ಪತ್ರೆಯಲ್ಲಿ ಮೆಟ್ಟಿಲು ಹತ್ತಿ ಬಂದು ಅಳೆಸಿಕೊಂಡ ಒಂದು ಅಂಕಿಗಿಂತ ಹೆಚ್ಚು ಬೆಲೆಯುಳ್ಳದ್ದು. ಕ್ಲಿನಿಕ್ಕಿನ 140/90ಕ್ಕೆ ಮನೆಯಲ್ಲಿ 135/85 ಸಮವೆಂದು ಹಿಡಿಯುತ್ತಾರೆ. ಸದಾ ಅಳೆಯುತ್ತ ಕೂರುವುದರಿಂದ ಆತಂಕವಷ್ಟೇ ಬೆಳೆಯುತ್ತದೆ.

ಅಂಕಿ ಬಹಳ ಮೇಲಿದ್ದಾಗ

ಯಂತ್ರ 180/120 ಅಥವಾ ಅದಕ್ಕಿಂತ ಹೆಚ್ಚು ತೋರಿಸಿದರೆ ಮೊದಲು ಐದು ನಿಮಿಷ ಕೂತು ಮತ್ತೊಮ್ಮೆ ಅಳೆಯಬೇಕು. ಅಷ್ಟೇ ಬಂದು ಬೇರೆ ತೊಂದರೆ ಇಲ್ಲದಿದ್ದರೆ ಅದೇ ದಿನ ವೈದ್ಯರನ್ನು ಸಂಪರ್ಕಿಸಬೇಕು. ಮನೆಯಲ್ಲಿರುವ ಮಾತ್ರೆಯನ್ನು ಇನ್ನೊಂದು ನುಂಗುವುದಾಗಲಿ, ಹಿಂದೆ ರೂಢಿಯಲ್ಲಿದ್ದಂತೆ ನಿಫೆಡಿಪಿನ್ ಕ್ಯಾಪ್ಸೂಲನ್ನು ಚುಚ್ಚಿ ನಾಲಿಗೆಯ ಕೆಳಗಿಡುವುದಾಗಲಿ ಅಪಾಯಕರ. ಒತ್ತಡ ಒಮ್ಮೆಲೇ ಕುಸಿದರೆ ಮೆದುಳಿಗೂ ಹೃದಯಕ್ಕೂ ರಕ್ತ ಸಾಲದೆ ಹೋಗುತ್ತದೆ.

ಎದೆನೋವು, ಉಸಿರು ಕಟ್ಟುವುದು, ಬಾಯಿ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು, ದೃಷ್ಟಿ ಮಸುಕಾಗುವುದು, ಗೊಂದಲ ಇವುಗಳಲ್ಲಿ ಯಾವುದಿದ್ದರೂ ಯಂತ್ರ ಏನು ತೋರಿಸಿದರೂ ಲೆಕ್ಕಿಸದೆ 108ಕ್ಕೆ ಕರೆ ಮಾಡಬೇಕು. ಹೃದಯವೆಂದರೆ ಜಯದೇವ, ಮೆದುಳೆಂದರೆ ನಿಮ್ಹಾನ್ಸ್ ಎಂಬ ಭರವಸೆ ಸರಿಯಾದದ್ದೇ ಆದರೂ, ಯಲಹಂಕದಲ್ಲಿರುವವರು ಸಂಜೆಯ ಟ್ರಾಫಿಕ್‌ನಲ್ಲಿ ಊರು ದಾಟುವ ಹಟ ಹಿಡಿಯದೆ ಸಿ.ಟಿ. ಸ್ಕ್ಯಾನ್ ಮತ್ತು ತುರ್ತು ಚಿಕಿತ್ಸೆಯಿರುವ ಹತ್ತಿರದ ಆಸ್ಪತ್ರೆಗೆ ಹೋಗಬೇಕು, ಏಕೆಂದರೆ ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಹೊರಡುವಾಗ ನುಂಗುತ್ತಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಚೀಲಕ್ಕೆ ಹಾಕಿಕೊಳ್ಳಿ. ಕೊನೆಯ ಮಾತ್ರೆ ಎಷ್ಟು ಗಂಟೆಗೆ ತೆಗೆದುಕೊಂಡದ್ದು, ರೋಗಿ ಕೊನೆಯದಾಗಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂಬ ಎರಡನ್ನೂ ಒಂದು ಕಾಗದದಲ್ಲಿ ಬರೆದು ತುರ್ತು ವಿಭಾಗದ ವೈದ್ಯರ ಕೈಗೆ ಕೊಡಿ.